ಪ್ರತಿಕ್ರಿಯೆ: ಜಾವಾ ಸ್ಪ್ಲಿಟ್ ಹೆಸರನ್ನೇ ಚೂರು ಮಾಡುತ್ತಿದೆ

ಸದಸ್ಯರ ಪಟ್ಟಿಯ ಸಾಲುಗಳನ್ನು ಜಾವಾ ಪ್ರೋಗ್ರಾಮಿನ ಸ್ಪ್ಲಿಟ್ (ಪಠ್ಯವನ್ನು ತುಂಡು ಮಾಡುವ ಆಜ್ಞೆ) ಬಳಸಿ ಒಡೆಯುವುದು ಹೇಗೆ, ‘ಡಾ.’ ಚುಕ್ಕೆ ತೆಗೆಯುವುದು ಹೇಗೆ ಎಂದು ಕೇಳಿದ್ದೀರಿ. ತಪ್ಪಿರುವುದು ಪೈಪ್ ಚಿಹ್ನೆಯಲ್ಲಿ (|). "ಮಾಟುಂಗಾ|400019" ಒಡೆಯಲು ಹೋದರೆ ಮ, ಾ, ಟ, ು ಅಂತ ಪುಡಿಪುಡಿಯಾಗಿ ಬರುತ್ತಿದೆ ಎಂದಿರಲ್ಲ, ಜಾವಾದ ಸ್ಪ್ಲಿಟ್‌ಗೆ ಬೇಕಿರುವುದು ರೆಜೆಕ್ಸ್, ಅಂದರೆ ಏನನ್ನು ಹುಡುಕಬೇಕೆಂದು ಚಿಹ್ನೆಗಳಲ್ಲಿ ಬರೆಯುವ ಮಾದರಿ. ಅದರಲ್ಲಿ | ಅಂದರೆ ‘ಇದು ಅಥವಾ ಅದು’. ನಿಮ್ಮ ಪೈಪಿನ ಎರಡೂ ಕಡೆ ಏನೂ ಇಲ್ಲ; ‘ಖಾಲಿ ಅಥವಾ ಖಾಲಿ’ ಅಂತ ಓದಿಕೊಂಡು ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಕಾಗುಣಿತದ ಗುರುತಿಗೆ (ಾ, ು) ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತವಿರುವುದರಿಂದ ಅದೂ ಕಳಚಿಕೊಳ್ಳುತ್ತದೆ. ಫಾಂಟ್ ಬದಲಿಸಬೇಡಿ, ಅದರದೇನೂ ತಪ್ಪಿಲ್ಲ.

ಮೊದಲಿಗೆ, ಸ್ಪ್ಲಿಟ್‌ಗೆ ಕೊಟ್ಟಿರುವ "|" ತೆಗೆದು "[|]" ಹಾಕಿ. "\\|" ಕೂಡ ನಡೆಯುತ್ತದೆ, ಆದರೆ ಬ್ಯಾಕ್‌ಸ್ಲ್ಯಾಶ್ ಒಂದೋ ಎರಡೋ ಎಂಬ ತಲೆನೋವು ನನಗಂತೂ ಬೇಡ. ಆಮೇಲೆ ಅದೇ ಸ್ಪ್ಲಿಟ್‌ಗೆ ಎರಡನೆಯ ಆರ್ಗ್ಯುಮೆಂಟ್ (ಆವರಣದೊಳಗೆ ಕೊಡುವ ಮೌಲ್ಯ) ಆಗಿ -1 ಕೊಡಿ. ಇಲ್ಲದಿದ್ದರೆ ಫೋನ್ ನಂಬರ್ ಕೊಡದ ಸದಸ್ಯರ ಸಾಲಿನಲ್ಲಿ ಕೊನೆಯ ಖಾಲಿ ಕಾಲಂ ಬಿದ್ದುಹೋಗುತ್ತದೆ.

ಇಷ್ಟಾದರೂ ಕೆಲವು ಸಾಲು ಒಡೆಯದಿದ್ದರೆ (ಫೈಲ್ ನೋಡದೆ ಹೇಳುತ್ತಿದ್ದೇನೆ) ಮರಾಠಿ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದವರು ಪೈಪ್ ಬದಲು ದಂಡ (।, ದೇವನಾಗರಿಯಲ್ಲಿ ವಾಕ್ಯ ಮುಗಿಸುವ ಗೆರೆ) ಒತ್ತಿರಬಹುದು. ಪುಣೆಯಲ್ಲಿ ನಮ್ಮ ಸಂಘದ ಪಟ್ಟಿಯಲ್ಲಿ ಹೀಗೇ ಆಗಿತ್ತು. ಕಣ್ಣಿಗೆ ಎರಡೂ ಒಂದೇ ಥರ. "[|।]" ಬರೆದರೆ ಎರಡಕ್ಕೂ ಆಯಿತು.

‘ಡಾ.’ ಕೊನೆಯ ಚುಕ್ಕೆ ತೆಗೆಯಲು ಜಾವಾದ ಬರೀ ರಿಪ್ಲೇಸ್ (ಇದ್ದದ್ದನ್ನು ಬದಲಿಸುವ ಆಜ್ಞೆ) ಸಾಕು. ರಿಪ್ಲೇಸ್‌ಆಲ್ ಓದುವುದೂ ರೆಜೆಕ್ಸ್, ಅದರಲ್ಲಿ ಚುಕ್ಕೆ ಅಂದರೆ ‘ಯಾವ ಅಕ್ಷರವಾದರೂ’. ಅದಕ್ಕೆ "." ಕೊಟ್ಟಿರೋ, ಡಾಕ್ಟರ ಹೆಸರೇ ಮಾಯ.