ಆಲ್ಗಾಲ್ ಜೋಡಿ ಇಷ್ಟು ಹತ್ತಿರ ಬಂದದ್ದು ಹೇಗೆ?

ಪ್ರಶ್ನೆ: ಬರಿಗಣ್ಣಿಗೆ ಒಂದೇ ನಕ್ಷತ್ರವಾಗಿ ಕಾಣುವ ಆಲ್ಗಾಲ್‌ನ ಎರಡು ನಕ್ಷತ್ರಗಳು ಮೂರು ದಿನಕ್ಕೂ ಕಡಿಮೆ ಅವಧಿಯಲ್ಲಿ ಒಂದನ್ನೊಂದು ಸುತ್ತುತ್ತವೆ ಎಂದು ಓದಿದೆ. ಅವು ಅಷ್ಟು ಹತ್ತಿರದಲ್ಲಿಯೇ ಹುಟ್ಟಿದವೇ? ಅಲ್ಲಿರುವ ಮೂರನೆಯ ನಕ್ಷತ್ರಕ್ಕೂ ಈ ಸಾಮೀಪ್ಯಕ್ಕೂ ಸಂಬಂಧವಿದೆಯೇ?

ಉತ್ತರ: ಅಷ್ಟು ಹತ್ತಿರದಲ್ಲಿ ಅವು ಹುಟ್ಟಿರಲಾರವು. ಆಲ್ಗಾಲ್ 2.87 ದಿನಗಳಿಗೊಮ್ಮೆ ಮಂಕಾಗುವುದನ್ನು ಗಮನಿಸಿದ ಇಂಗ್ಲೆಂಡಿನ ಜಾನ್ ಗುಡ್‌ರಿಕ್, ಅದನ್ನು ಮರೆಮಾಡುವ ಇನ್ನೊಂದು ಕಾಯ ಅಲ್ಲಿರಬಹುದೆಂದು 1783ರಲ್ಲಿಯೇ ಸೂಚಿಸಿದ್ದರು. ಆ ಜೋಡಿಯ ನಡುವಣ ಅಂತರ ಸುಮಾರು 93 ಲಕ್ಷ ಕಿಲೋಮೀಟರ್. ಸೂರ್ಯನಿಂದ ಬುಧನಿಗಿರುವ ಸರಾಸರಿ ದೂರದ ಆರನೆಯ ಒಂದು ಪಾಲಿಗಿಂತಲೂ ಕಡಿಮೆ. ಅನಿಲದ ಮೋಡ ಕುಸಿಯುವಾಗ ಮೊದಲು ರೂಪುಗೊಳ್ಳುವ ತಿರುಳೇ ಸೂರ್ಯ-ಭೂಮಿಗಳ ಅಂತರದ ಹಲವು ಪಟ್ಟು ಅಗಲವಿರುವುದರಿಂದ, ಇಷ್ಟು ಇಕ್ಕಟ್ಟಿನಲ್ಲಿ ಎರಡು ನಕ್ಷತ್ರಗಳು ಬೇರೆಬೇರೆಯಾಗಿ ಮೂಡಲು ಜಾಗವೇ ಇರುವುದಿಲ್ಲ.

ಇಲ್ಲಿ ಮೂರನೆಯ ನಕ್ಷತ್ರಕ್ಕೆ ಮಹತ್ವ ಬರುತ್ತದೆ. ಸೂರ್ಯನಂಥ ನಕ್ಷತ್ರಗಳಿರುವ ನಿಕಟ ಜೋಡಿಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೂರು ದಿನಕ್ಕಿಂತ ಕಡಿಮೆ ಅವಧಿಯ ಜೋಡಿಗಳಲ್ಲಿ ಶೇ. 96ರಷ್ಟಕ್ಕೆ ಮೂರನೆಯ ಸಂಗಾತಿಯಿದೆ. ಹನ್ನೆರಡು ದಿನಕ್ಕಿಂತ ಹೆಚ್ಚಿನ ಅವಧಿಯವುಗಳಲ್ಲಿ ಈ ಪ್ರಮಾಣ ಶೇ. 34 ಮಾತ್ರ. ಇದನ್ನು ಕೇವಲ ಆಕಸ್ಮಿಕವೆಂದು ಬದಿಗಿಡಲಾಗದು.

ಇದಕ್ಕೆ ಒಂದು ವಿವರಣೆಯನ್ನು ಕೃತಕ ಉಪಗ್ರಹಗಳ ಕಕ್ಷೆಯನ್ನು ಅಭ್ಯಸಿಸಿದ ಸೋವಿಯತ್ ಒಕ್ಕೂಟದ ಮಿಖಾಯಿಲ್ ಲಿಡೋವ್ (1961), ಕ್ಷುದ್ರಗ್ರಹಗಳನ್ನು ಅಭ್ಯಸಿಸಿದ ಜಪಾನಿನ ಯೋಶಿಹಿದೆ ಕೊಝಾಯ್ (1962) ಅವರ ಗಣಿತ ಒದಗಿಸುತ್ತದೆ. ದೂರದ ಸಂಗಾತಿಯ ಕಕ್ಷೆ ಒಳಜೋಡಿಯ ಕಕ್ಷೆಗೆ ಸುಮಾರು 39 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ, ಅದರ ಸೆಳೆತದಿಂದ ಒಳಕಕ್ಷೆ ದೀರ್ಘಕಾಲದಲ್ಲಿ ಒಮ್ಮೆ ನೀಳವಾಗುತ್ತ, ಮತ್ತೊಮ್ಮೆ ದುಂಡಗಾಗುತ್ತ ಹೋಗುತ್ತದೆ. ಗಮನಿಸಬೇಕಾದದ್ದೆಂದರೆ, ಇಷ್ಟರಿಂದಲೇ ಜೋಡಿಯ ಸರಾಸರಿ ಅಂತರ ಕುಗ್ಗುವುದಿಲ್ಲ. ಕಕ್ಷೆ ಬಹಳ ನೀಳವಾದಾಗ ನಕ್ಷತ್ರಗಳು ಪ್ರತಿ ಸುತ್ತಿನಲ್ಲಿಯೂ ಒಮ್ಮೆ ತೀರ ಸಮೀಪಿಸಿ, ಸಮುದ್ರದಲ್ಲಿ ಚಂದ್ರ ಉಬ್ಬರ ತರುವಂತೆ, ಒಂದು ಇನ್ನೊಂದರ ಮೈಯನ್ನು ಉಬ್ಬಿಸುತ್ತದೆ. ಆ ಏರಿಳಿತದ ಘರ್ಷಣೆಯಲ್ಲಿ ಕಕ್ಷೆಯ ಶಕ್ತಿ ಶಾಖವಾಗಿ ಸೋರಿಹೋಗಿ, ಕೊನೆಗೆ ಹಿಂದಿನ ಅತಿ ಸಮೀಪದ ದೂರಕ್ಕಿಂತ ಸುಮಾರು ಎರಡು ಪಟ್ಟು ತ್ರಿಜ್ಯದ ದುಂಡು ಕಕ್ಷೆ ಉಳಿಯುತ್ತದೆ.

ಆಲ್ಗಾಲ್‌ನ ಮೂರನೆಯ ನಕ್ಷತ್ರ ಸುಮಾರು 680 ದಿನಗಳಿಗೊಮ್ಮೆ ಸುತ್ತುತ್ತದೆ, ಅದರ ಕಕ್ಷೆ ಒಳಜೋಡಿಯದಕ್ಕೆ ಹೆಚ್ಚುಕಡಿಮೆ ಲಂಬವಾಗಿದೆ. ಇಂದು ಅದು ಜೋಡಿಯ ಕಕ್ಷೆಯನ್ನು ಮತ್ತೆ ನೀಳಗೊಳಿಸದು, ಏಕೆಂದರೆ ಉಬ್ಬಿದ ನಕ್ಷತ್ರಗಳ ಪರಸ್ಪರ ಸೆಳೆತ ಆ ಪ್ರಭಾವವನ್ನು ಅಡಗಿಸಿಬಿಡುತ್ತದೆ.

ಎಲ್ಲ ನಿಕಟ ಜೋಡಿಗಳಿಗೂ ಈ ಒಂದೇ ದಾರಿಯನ್ನು ಅನ್ವಯಿಸುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ನಕ್ಷತ್ರಗಳು ಎಳೆಯವಾಗಿದ್ದಾಗ ಸುತ್ತಲಿನ ಅನಿಲದ ತಟ್ಟೆಯೂ ಅವುಗಳ ಶಕ್ತಿಯನ್ನು ಹೀರಿ ಹತ್ತಿರ ತರಬಲ್ಲದು. ಅನೇಕ ಜೋಡಿಗಳು ಹೀಗೆ ತಮ್ಮ ಬಾಲ್ಯದಲ್ಲಿಯೇ ಸಮೀಪಿಸಿವೆ ಎಂದು ಇತ್ತೀಚಿನ ಲೆಕ್ಕಾಚಾರಗಳು ತೋರಿಸುತ್ತವೆ.