‘ಯುಎ 13+’: ಗೇಟಿನವನನ್ನು ಕೇಳಬೇಡಿ

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ‘ಯುಎ 13+’ (ಹದಿಮೂರರೊಳಗಿನವರಿಗೆ ಪೋಷಕರ ಮಾರ್ಗದರ್ಶನ ಬೇಕು) ಪ್ರಮಾಣಪತ್ರದ ಚಿತ್ರಕ್ಕೆ ಒಳಗೆ ಬಿಡುತ್ತಾರೆಯೇ? ಆಧಾರ್ ಕಾರ್ಡ್ ತೋರಿಸಬೇಕೇ?

ಉತ್ತರ: ವಾರಕ್ಕೊಮ್ಮೆಯಾದರೂ ಈ ಪ್ರಶ್ನೆ ಬರುತ್ತದೆ. ಕೇಳುವವರಿಗೆಲ್ಲ ಗೇಟಿನದೇ ಚಿಂತೆ, ಮಗುವಿನದಲ್ಲ. ಬಿಡುತ್ತಾರೆ, ಕಾರ್ಡೂ ಬೇಡ. ‘ಹದಿಮೂರು ತುಂಬದವರಿಗೆ ಪ್ರವೇಶವಿಲ್ಲ’ ಎಂದು ಮೊಬೈಲುಗಳಲ್ಲಿ ಹರಿದಾಡುವ ಸಂದೇಶ ಶುದ್ಧ ಸುಳ್ಳು. 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ಮಾಡಿದ ತಿದ್ದುಪಡಿಯು ಹಳೆಯ ಯುಎ ವರ್ಗವನ್ನು 7+, 13+, 16+ ಎಂದು ಮೂರು ಮಾಡಿತು. ಈ ಅಂಕಿಗಳನ್ನು ತಂದೆತಾಯಿ ಅಥವಾ ಪೋಷಕರಲ್ಲದೆ ಬೇರೆ ಯಾರೂ ಜಾರಿ ಮಾಡುವಂತಿಲ್ಲ ಎಂದೂ ಹೇಳಿತು. ಅಂದರೆ ಗೇಟು ನೀವೇ. ಟಿಕೆಟ್ ಹರಿಯುವವನು ಸುಮ್ಮನಿದ್ದಾನೆಂದು ಚಿತ್ರ ನಿಮ್ಮ ಮಗನಿಗೆ ಒಗ್ಗುತ್ತದೆಂದು ತಿಳಿಯಬೇಡಿ.

ಮೊದಲು ಗೆರೆ ಹನ್ನೆರಡು ವರ್ಷಕ್ಕೆ ಒಂದೇ ಇತ್ತು. ಆರರ ಮಗುವೂ ಹನ್ನೊಂದರ ಹುಡುಗನೂ ಒಂದೇ ಬುಟ್ಟಿಯಲ್ಲಿದ್ದರು. ಆದರೆ ಇಬ್ಬರ ಹೆದರಿಕೆ ಬೇರೆ. ಚಿಕ್ಕವರು ಕಂಡದ್ದಕ್ಕೆ, ಕೇಳಿದ್ದಕ್ಕೆ ಬೆದರುತ್ತಾರೆ: ಕೋರೆಹಲ್ಲು, ವಿಕಾರ ಮುಖ, ದಿಢೀರನೆ ಬಂದ ಸದ್ದು. ‘ಅದು ಬರೀ ಬಣ್ಣ’ ಎಂದು ಎಷ್ಟು ಹೇಳಿದರೂ ಕಿವಿಗೆ ಹೋಗುವುದಿಲ್ಲ. ಒಂಬತ್ತು ಹತ್ತರವರು ದೆವ್ವವನ್ನು ಕಂಡು ನಗಬಹುದು. ಮಗುವಿನ ಅಪಹರಣ, ಮನೆಗೆ ನುಗ್ಗಿದ ಕಳ್ಳರು, ಹೀಗೆ ನಿಜವಾಗಿಯೂ ನಡೆಯಬಹುದಾದದ್ದು ಅವರನ್ನು ಕಾಡುತ್ತದೆ. ‘ನಮ್ಮವನು ಗಟ್ಟಿಗ, ದೆವ್ವದ ಸಿನಿಮಾಕ್ಕೂ ಅಳಲಿಲ್ಲ’ ಎಂದು ಹೆಮ್ಮೆಪಡುವವರು ತಪ್ಪು ಪರೀಕ್ಷೆ ಮಾಡಿ ಅಂಕ ಕೊಟ್ಟಿದ್ದಾರೆ.

ಮನೆಯ ಟಿವಿಯನ್ನು ಆರಿಸಬಹುದು. ಚಿತ್ರಮಂದಿರದ ಕತ್ತಲೆಯಲ್ಲಿ, ಆ ಸದ್ದಿನಲ್ಲಿ, ಎದ್ದು ಹೊರಬರುವುದೊಂದೇ ದಾರಿ. ಆದ್ದರಿಂದ ಬದಿಯ ಆಸನ ಹಿಡಿಯಿರಿ. ವರ್ಗವನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಿ. ತೆರೆಯ ಮೇಲೆ ಪ್ರಮಾಣಪತ್ರ ಮೂಡುವ ಹೊತ್ತಿಗೆ ಪಾಪ್‌ಕಾರ್ನ್ ಕೈಗೆ ಬಂದಿರುತ್ತದೆ, ಆಮೇಲೆ ಯಾರೂ ಏಳುವುದಿಲ್ಲ. ಅನುಮಾನವಿದ್ದರೆ ನಾನಂತೂ ಮೊದಲು ಒಬ್ಬನೇ ಹೋಗಿ ನೋಡಿಬರುತ್ತೇನೆ. ಅತಿಯಾಯಿತು ಎನ್ನುವವರು ಎನ್ನಲಿ.

ಪ್ರಶ್ನೆ: ನಾನು ಜೊತೆಗಿದ್ದರೆ ಹದಿನಾರರ ಮಗಳನ್ನು ‘ಎ’ (ವಯಸ್ಕರಿಗೆ ಮಾತ್ರ) ಚಿತ್ರಕ್ಕೆ ಬಿಡಬೇಕಲ್ಲವೇ?

ಉತ್ತರ: ಇಲ್ಲ. ಹದಿನೆಂಟು ತುಂಬಿರಬೇಕು. ಇಲ್ಲಿ ತಡೆಯುವುದು ಚಿತ್ರಮಂದಿರದವರ ಕರ್ತವ್ಯ, ಜಗಳ ತೆಗೆಯಬೇಡಿ.

ಪ್ರಶ್ನೆ: ‘ಯು’ (ಎಲ್ಲರೂ ನೋಡಬಹುದು) ಸಿಕ್ಕಿದರೆ ಒಳ್ಳೆಯ ಚಿತ್ರವೆಂದು ಅರ್ಥವೇ?

ಉತ್ತರ: ಪ್ರಮಾಣಪತ್ರ ವಿಮರ್ಶೆಯಲ್ಲ.

ಪ್ರಶ್ನೆ: ಚಿತ್ರಮಂದಿರದಲ್ಲಿ ಒಂದು ಅಂಕಿ, ಅದೇ ಚಿತ್ರಕ್ಕೆ ಓಟಿಟಿಯಲ್ಲಿ ಇನ್ನೊಂದು. ಏಕೆ?

ಉತ್ತರ: ಕೊಟ್ಟವರೇ ಬೇರೆ. ಚಿತ್ರಮಂದಿರಕ್ಕೆ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ ಕೊಡುತ್ತದೆ. ಓಟಿಟಿಯವರು 2021ರ ಐಟಿ ನಿಯಮಗಳಂತೆ ತಾವೇ ವರ್ಗೀಕರಿಸುತ್ತಾರೆ. 13+ ಮತ್ತು ಅದಕ್ಕೂ ಮೇಲಿನವಕ್ಕೆ ಪೋಷಕರು ಬೀಗ ಹಾಕುವ ಸೌಲಭ್ಯವನ್ನು ಅವರು ಕೊಡಲೇಬೇಕು. ಬೀಗದ ಪಿನ್ ಮಗನ ಹುಟ್ಟಿದ ವರ್ಷವೇ ಆಗಿದ್ದರೆ ನಾನೇನು ಮಾಡಲಿ?

ಪ್ರಶ್ನೆ: ನಾನು ಹೊಸ ನಿರ್ಮಾಪಕ. ‘ಯು’ ಕೊಡಿಸುತ್ತೇನೆಂದು ಮಧ್ಯವರ್ತಿಯೊಬ್ಬ ಹಣ ಕೇಳುತ್ತಿದ್ದಾನೆ.

ಉತ್ತರ: ಓಡಿಸಿ. ಮಂಡಳಿಯ ಮೊದಲ ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಪುನರ್‌ಪರಿಶೀಲನಾ ಸಮಿತಿಯಿದೆ. ಅದರ ಮೇಲಿದ್ದ ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ರದ್ದಾಗಿರುವುದರಿಂದ ಮುಂದಿನದು ಹೈಕೋರ್ಟ್. ಅಲ್ಲೂ ಕೊಡಿಸುತ್ತಾನೆಯೇ, ಕೇಳಿ ನೋಡಿ.