ಸಿನಾಪ್ಸಿಸ್ ಎಂದರೆ ಕ್ರಾಸಿಂಗ್ ಓವರ್ ಎಂದೇ ಬರೆಯಬಹುದೇ?

ಬರೆಯಬಾರದು. ಸಿನಾಪ್ಸಿಸ್ ಎಂದರೆ ವರ್ಣತಂತುಗಳು (ಕ್ರೋಮೋಸೋಮ್‌ಗಳು) ಜೋಡಿಯಾಗಿ ಕೂಡುವುದು, ಕ್ರಾಸಿಂಗ್ ಓವರ್ ಎಂದರೆ ಕೂಡಿದ ಜೋಡಿಯೊಳಗೆ ತುಂಡುಗಳು ಅದಲುಬದಲಾಗುವುದು. ಮಿಯಾಸಿಸ್‌ನಲ್ಲಿ, ಅಂದರೆ ಅಂಡ ಮತ್ತು ವೀರ್ಯಾಣುಗಳಿಗಾಗಿ ವರ್ಣತಂತುಗಳನ್ನು ಅರ್ಧಕ್ಕಿಳಿಸುವ ಕೋಶವಿಭಜನೆಯಲ್ಲಿ, ಇವೆರಡೂ ಒಂದರ ಬೆನ್ನಿಗೊಂದು ನಡೆಯುವುದರಿಂದ ಯಾವುದನ್ನು ಬರೆದರೂ ಅಂಕ ಸಿಗುತ್ತದೆ ಎಂದು ನಿಮ್ಮ ಸಹಪಾಠಿಗಳು ಹೇಳುತ್ತಿದ್ದಾರೆ ಎಂದಿದ್ದೀರಿ. ಎಂ.ಎಸ್ಸಿ. ಮುಗಿಯುವವರೆಗೂ ನಾನು ಹಾಗೆಯೇ ನಂಬಿದ್ದೆ, ಅಂಕಗಳೂ ಸಿಕ್ಕಿದ್ದವು. ಕೈತಪ್ಪಿದ್ದು ಕೆಲಸ.

ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದ ಮೇಲೆ ರೇಷ್ಮೆಹುಳುವಿನ ತಳಿ ಕುರಿತ ಯೋಜನೆಯೊಂದರ ಸಹಾಯಕ ಹುದ್ದೆಗೆ ಸಂದರ್ಶನಕ್ಕೆ ಹೋಗಿದ್ದೆ. ಮಳವಳ್ಳಿ ಕಡೆಯ ನಮ್ಮ ಮನೆಯಲ್ಲಿ ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಹಾಕುತ್ತಲೇ ಬೆಳೆದವನಾದ್ದರಿಂದ ಧೈರ್ಯ ತುಸು ಹೆಚ್ಚೇ ಇತ್ತು. ಹೆಣ್ಣು ರೇಷ್ಮೆಪತಂಗದಲ್ಲಿ ಕ್ರಾಸಿಂಗ್ ಓವರ್ ನಡೆಯುತ್ತದೆಯೇ ಎಂದು ಹಿರಿಯರೊಬ್ಬರು ಕೇಳಿದರು. ಇಲ್ಲ ಎಂದೆ, ಅದು ಸರಿಯಾದ ಉತ್ತರವೇ. ಸಿನಾಪ್ಸಿಸ್ ನಡೆಯುತ್ತದೆಯೇ ಎಂದರು. ಅದೂ ಇಲ್ಲ ಸರ್ ಎಂದೆ. “ಜೋಡಿಯೇ ಕೂಡದಿದ್ದರೆ 56 ವರ್ಣತಂತುಗಳಲ್ಲಿ ಪ್ರತಿ ಜೋಡಿಯಿಂದ ಒಂದೊಂದರಂತೆ 28 ಮಾತ್ರ ಮೊಟ್ಟೆಗೆ ಹೇಗಪ್ಪ ಹೋಗುತ್ತವೆ?” ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಎಡವಿದ್ದು ಎಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ತಾಯಿಯಿಂದ ಬಂದ ಒಂದು ವರ್ಣತಂತುವೂ ತಂದೆಯಿಂದ ಬಂದ ಅದರ ಸಮರೂಪಿಯೂ ಉದ್ದಕ್ಕೂ ಒಂದಕ್ಕೊಂದು ಸರಿಹೊಂದಿ ಬೆಸೆದುಕೊಳ್ಳುವುದು ಸಿನಾಪ್ಸಿಸ್. ಅದು ಮಿಯಾಸಿಸ್‌ನ ಆರಂಭದ ಭಾಗದಲ್ಲಿ ಬರುವ ಝೈಗೋಟೀನ್ ಹಂತದಲ್ಲಿ ಆರಂಭವಾಗಿ, ಅದರ ಮುಂದಿನ ಹಂತವಾದ ಪ್ಯಾಕಿಟೀನ್ ವೇಳೆಗೆ ಪೂರ್ಣಗೊಳ್ಳುತ್ತದೆ. ಎರಡನ್ನೂ ಹಿಡಿದಿಡುವ ಪ್ರೋಟೀನಿನ ರಚನೆಗೆ ಸಿನಾಪ್ಟೋನೀಮಲ್ ಕಾಂಪ್ಲೆಕ್ಸ್ ಎಂದು ಹೆಸರು. 1956ರಲ್ಲಿ ಮಾಂಟ್ರೋಸ್ ಮೋಸೆಸ್ ಮತ್ತು ಡಾನ್ ಫಾಸೆಟ್ ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬೇರೆ ಬೇರೆಯಾಗಿ ಕೆಲಸ ಮಾಡುತ್ತಲೇ ಗುರುತಿಸಿದರು. ಹೀಗೆ ಕೂಡಿದ ಜೋಡಿಯೇ ಬೈವೇಲೆಂಟ್. ಆ ಜೋಡಿಯೊಳಗೆ ಡಿಎನ್ಎ ತುಂಡುಗಳು ಅದಲುಬದಲಾಗುವುದು ಕ್ರಾಸಿಂಗ್ ಓವರ್. ಸಾಮಾನ್ಯವಾಗಿ ಆ ಅದಲುಬದಲಿನ ಗುರುತಾದ ಕಯಾಸ್ಮಗಳೇ ಬೇರ್ಪಡುವವರೆಗೆ ಜೋಡಿಯನ್ನು ಹಿಡಿದಿಡುತ್ತವೆ. ಹೆಣ್ಣು ರೇಷ್ಮೆಪತಂಗದಲ್ಲಿ ಕಯಾಸ್ಮಗಳಿಲ್ಲ, ಆದರೆ ಸಿನಾಪ್ಸಿಸ್ ಉಂಟು; ಸಿನಾಪ್ಟೋನೀಮಲ್ ಕಾಂಪ್ಲೆಕ್ಸೇ ರೂಪ ಬದಲಿಸಿಕೊಂಡು, ಜೋಡಿಗಳು ಬೇರ್ಪಡುವ ಮುನ್ನ ಕೋಶದ ನಡುವೆ ಸಾಲುಗೂಡುವ ಮೆಟಫೇಸ್‌ವರೆಗೂ ಉಳಿದು, ಜೋಡಿಯನ್ನು ಹಿಡಿದಿಡುವ ಆ ಕೆಲಸವನ್ನು ಮಾಡುತ್ತದೆ. ಅದಲುಬದಲೇ ಇಲ್ಲದಿರುವಾಗ ಜೋಡಿಗೆ ಏನು ಕೆಲಸ ಎಂದು ನಾನು ಲೆಕ್ಕ ಹಾಕಿದ್ದೆ. ಸರಿಯಾಗಿ ಬೇರೆಯಾಗಬೇಕಾದರೆ ಮೊದಲು ಸರಿಯಾಗಿ ಕೂಡಿರಬೇಕು ಎಂಬುದು ತಲೆಗೆ ಹೊಳೆದಿರಲಿಲ್ಲ.

ಸರಿಯಾಗಿ ಕೂಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಂಜನಗೂಡು ರಸಬಾಳೆಯನ್ನೇ ನೋಡಿ. ಅದರಲ್ಲಿ ವರ್ಣತಂತುಗಳು ಮೂರು ಗಣಗಳಾಗಿ ಒಟ್ಟು 33 ಇವೆ. ಎರಡು ಕೂಡಿದರೆ ಮೂರನೆಯದು ಒಂಟಿಯಾಗುತ್ತದೆ, ಹಂಚಿಕೆ ಏರುಪೇರಾಗುತ್ತದೆ. ಹಣ್ಣಿನಲ್ಲಿ ಬೀಜವಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು, ಪರೀಕ್ಷೆಗೆ ಒಂದು ಸಾಲಿನ ವ್ಯಾಖ್ಯೆ ಸಾಕೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಾಯಿಪಾಠ ಮಾಡಿದ ಆ ಒಂದು ಸಾಲೇ ನನ್ನನ್ನು ಸಂದರ್ಶನದಲ್ಲಿ ಕೈಬಿಟ್ಟಿದ್ದು. ನಿಮ್ಮ ಪ್ರಯೋಗಾಲಯದಲ್ಲಿ ಡ್ರೊಸೊಫಿಲ ಎಂಬ ಹಣ್ಣುನೊಣ ಇದ್ದೇ ಇರುತ್ತದೆ. ಸೀಸೆಯ ಗೋಡೆ ಹತ್ತಿದ ದಪ್ಪ ಮರಿಹುಳುವಿನ ಲಾಲಾಗ್ರಂಥಿಯನ್ನು ಬಿಡಿಸಿ, ಅಸಿಟೋ-ಆರ್ಸೀನ್ ಬಣ್ಣ ಹಾಕಿ, ಕವರ್‌ಸ್ಲಿಪ್ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಅಲ್ಲಿ ಕಾಣುವ ಪಟ್ಟೆಪಟ್ಟೆಯ ಒಂದೊಂದು ದಾರವೂ ಕೂಡಿಕೊಂಡ ಜೋಡಿಯೇ. ಎರಡರಲ್ಲಿ ಒಂದರ ತುಂಡು ತಿರುಗುಮುರುಗಾಗಿದ್ದರೆ, ಪಟ್ಟೆಗೆ ಪಟ್ಟೆ ಹೊಂದಿಸಲು ಜೋಡಿ ಅಲ್ಲಿ ಕುಣಿಕೆಯಂತೆ ಬಾಗಿರುತ್ತದೆ. ಅದು ಮಿಯಾಸಿಸ್ ನಡೆಸುವ ಕೋಶವೂ ಅಲ್ಲ ಎಂಬುದನ್ನು ಗಮನಿಸಿ. ಸಾಮಾನ್ಯ ದೇಹಕೋಶದಲ್ಲಿ ನಡೆಯುವ ಅಂಥ ಜೋಡಣೆಯನ್ನು ಸೊಮ್ಯಾಟಿಕ್ ಸಿನಾಪ್ಸಿಸ್ ಎನ್ನುತ್ತಾರೆ.

ಬಳಸುವಾಗ ಸಿನಾಪ್ಸಿಸ್ ಅನ್ನು ಕ್ರಿಯೆಯ ಹೆಸರಾಗಿಯೂ ಬೈವೇಲೆಂಟ್ ಅನ್ನು ಜೋಡಿಯ ಹೆಸರಾಗಿಯೂ ಇಟ್ಟುಕೊಳ್ಳಿ. ‘ಪ್ಯಾಕಿಟೀನ್‌ನಲ್ಲಿ ಸಿನಾಪ್ಸಿಸ್ ಪೂರ್ಣಗೊಂಡಿದೆ’ ಎಂದು ಬರೆಯಬಹುದು, ‘ಚಿತ್ರದಲ್ಲಿ ನಾಲ್ಕು ಸಿನಾಪ್ಸಿಸ್‌ಗಳಿವೆ’ ಎಂದು ಬರೆಯಬಾರದು. ನರಕೋಶಗಳ ನಡುವಿನ ಸಂಧಿ ಸಿನಾಪ್ಸ್. ಅದರ ಕಾಗುಣಿತವನ್ನು ಇಲ್ಲಿಗೆ ತರಬೇಡಿ.